ಭಾನುವಾರದ ಕರೆಗೂ ಬೇಕು ನಡಾವಳಿ ಪುಸ್ತಕ

ವಿದೇಶದಲ್ಲಿರುವ ಮಕ್ಕಳು ವಾರವಿಡೀ ಕಚೇರಿಯ ಮೀಟಿಂಗ್‌ಗಳಿಗೆ ನೋಟ್ಸ್ ಬರೆಯುತ್ತಾರೆ. ಮನೆಯವರ ಜತೆಗಿನ ಮಾತುಕತೆಗೆ ಮಾತ್ರ ಒಂದು ಸಾಲೂ ಬರೆದಿಡುವುದಿಲ್ಲ. ಮೊಬೈಲ್‌ನಲ್ಲಿ ಉಚಿತವಾಗಿ ಸಿಗುವ ನೋಟ್ಸ್ ಆ್ಯಪ್‌ಗಳಿಂದ ಈ ಕೊರತೆ ನೀಗಿಸಿಕೊಳ್ಳಬಹುದು.

ಹೀಗೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ಹಾಸನದಲ್ಲಿ ಅಪ್ಪ, ಅಮ್ಮ. ದುಬೈನಲ್ಲಿ ದೊಡ್ಡ ಮಗ, ನ್ಯೂಜೆರ್ಸಿಯಲ್ಲಿ ಮಗಳು, ಮೈಸೂರಿನಲ್ಲಿ ಕಿರಿಯ ಮಗ. ಭಾನುವಾರ ಸಂಜೆ ಏಳೂವರೆಗೆ ಎಲ್ಲರೂ ವಿಡಿಯೊ ಕರೆಯಲ್ಲಿ ಸೇರುತ್ತಾರೆ. ಅಪ್ಪನ ಕಣ್ಣಿನ ಪೊರೆಯ ಆಪರೇಷನ್, ಸೈಟ್‌ನ ತೆರಿಗೆ, ಹಿಂಬದಿ ಸೋರುತ್ತಿರುವ ಶೀಟು, ಚಿಕ್ಕಪ್ಪನ ಮಗಳ ಮದುವೆಗೆ ಮುಯ್ಯಿ ಎಷ್ಟು ಎಂಬುದೆಲ್ಲ ಒಂದು ಗಂಟೆಯಲ್ಲಿ ಬಂದು ಹೋಗುತ್ತದೆ. ನಡುವೆ ಮೊಮ್ಮಗಳು ಹೊಸ ಹಾಡು ಹೇಳುತ್ತಾಳೆ, ಕುಕ್ಕರ್ ಕೂಗುತ್ತದೆ, ಒಬ್ಬರ ನೆಟ್‌ವರ್ಕ್ ಕಡಿದುಹೋಗುತ್ತದೆ.

ಮುಂದಿನ ಭಾನುವಾರ ಅದೇ ಮಾತು ಮತ್ತೆ ಶುರು. ‘ಡಾಕ್ಟರ್ ಹತ್ರ ದಿನ ಗೊತ್ತು ಮಾಡ್ತೀನಿ ಅಂದಿದ್ಯಲ್ಲ?’ ‘ಇಲ್ಲಪ್ಪ, ಅಣ್ಣ ಮೊದಲು ಇನ್ಶೂರೆನ್ಸ್ ಕೇಳ್ತೀನಿ ಅಂದಿದ್ದ.’ ‘ನಾನು ಕೇಳ್ತೀನಿ ಅನ್ನಲಿಲ್ಲ, ಕೇಳಬೇಕು ಅಂದೆ.’ ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರತಿಯೊಬ್ಬರಿಗೂ ಅವರವರಿಗೆ ಕೇಳಿಸಿದ್ದು ನೆನಪಿದೆ. ಅಪ್ಪನ ಕಣ್ಣು ಮಾತ್ರ ಇನ್ನೊಂದು ವಾರ ಮಂಜಾಗಿಯೇ ಇರುತ್ತದೆ.

ನಾವು ಅದನ್ನು ಮೀಟಿಂಗ್ ಎಂದು ಕರೆಯುವುದಿಲ್ಲ, ಅಷ್ಟೇ. ಆದರೆ ನಾಲ್ಕು ಊರುಗಳಲ್ಲಿರುವ ಐದು ಜನ ಸೇರಿ ಹಣ, ಆರೋಗ್ಯ, ಆಸ್ತಿಯ ವಿಷಯಗಳನ್ನು ತೀರ್ಮಾನಿಸುವುದಕ್ಕೆ ಬೇರೆ ಹೆಸರೇನಿದೆ? ಕಚೇರಿಯಲ್ಲಿ ಇಷ್ಟು ಮಹತ್ವದ ಸಭೆ ನಡೆದರೆ ಅರ್ಧ ಗಂಟೆಯೊಳಗೆ ಎಲ್ಲರ ಇಮೇಲ್‌ಗೆ ಅದರ ಟಿಪ್ಪಣಿ ಬಂದಿರುತ್ತದೆ. ಮನೆಯ ಸಭೆಗೆ ಆ ಭಾಗ್ಯವಿಲ್ಲ.

ಅಮ್ಮನಿಗೆ ಇದು ಹೊಸದಲ್ಲ

ಮೀಟಿಂಗ್ ನೋಟ್ಸ್ ಎಂದರೆ ಐಟಿ ಕಂಪನಿಯವರ ಕಸುಬು ಎಂದುಕೊಳ್ಳಬೇಕಿಲ್ಲ. ಊರಿನ ಹಾಲಿನ ಸೊಸೈಟಿ, ಸಹಕಾರ ಸಂಘ, ದೇವಸ್ಥಾನದ ಸಮಿತಿ, ಗ್ರಾಮ ಪಂಚಾಯಿತಿ ಎಲ್ಲ ಕಡೆಯೂ ನಡಾವಳಿ ಪುಸ್ತಕ ಇದ್ದೇ ಇರುತ್ತದೆ. ಉತ್ತರ ಕರ್ನಾಟಕದವರು ಠರಾವು ಪುಸ್ತಕ ಎಂದರೂ ಒಂದೇ. ಕರ್ನಾಟಕದಲ್ಲಿ 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದ ಮೇಲೆ ಹಳ್ಳಿ ಹಳ್ಳಿಯ ಹೆಣ್ಣುಮಕ್ಕಳು ಸಂಘದ ವಾರದ ಸಭೆಗೆ ಈ ಪುಸ್ತಕ ಬರೆಯುವುದನ್ನು ರೂಢಿಸಿಕೊಂಡರು. ದಿನಾಂಕ, ಹಾಜರಿದ್ದವರು, ಚರ್ಚೆಯ ವಿಷಯ, ತೀರ್ಮಾನ, ಕೊನೆಗೆ ಎಲ್ಲರ ಸಹಿ. ಯಾರು ಎಷ್ಟು ಸಾಲ ಪಡೆದರು, ಕಂತು ಎಂದಿಗೆ ಎಂಬುದರಲ್ಲಿ ತಕರಾರು ಬಂದರೆ ಪುಸ್ತಕ ತೆರೆದರೆ ಸಾಕು.

ಮೊಬೈಲ್‌ನ ನೋಟ್ಸ್ ಆ್ಯಪ್ ಅದೇ ಪುಸ್ತಕ. ವ್ಯತ್ಯಾಸ ಎರಡೇ. ಅದು ಎಲ್ಲರ ಕೈಯಲ್ಲೂ ಒಂದೇ ಸಮಯಕ್ಕೆ ತೆರೆದಿರುತ್ತದೆ ಮತ್ತು ಹಳೆಯ ಪುಟ ಬೇಕಾದಾಗ ತಿರುವಿ ಹಾಕದೆ ಒಂದು ಪದ ಬರೆದು ಹುಡುಕಬಹುದು. ಸಂಘದ ಪುಸ್ತಕ ಬರೆದು ಅಭ್ಯಾಸವಿರುವ ಅಮ್ಮನಿಗೋ ಅತ್ತೆಗೋ ಮನೆಯ ನಡಾವಳಿಯ ಹೊಣೆ ಕೊಟ್ಟು ನೋಡಿ. ವಿದೇಶದ ಮಕ್ಕಳಿಗಿಂತ ಅಚ್ಚುಕಟ್ಟಾಗಿ ನಡೆಸಿಕೊಂಡು ಹೋದರೆ ಆಶ್ಚರ್ಯವಿಲ್ಲ.

ಬರೆಯಬೇಕಾದ್ದು ನಾಲ್ಕೇ

ಹೊಸದಾಗಿ ನೋಟ್ಸ್ ಬರೆಯುವವರು ಆಡಿದ ಮಾತನ್ನೆಲ್ಲ ಬರೆಯಲು ಹೋಗುತ್ತಾರೆ. ಎರಡು ವಾರದಲ್ಲಿ ಸುಸ್ತಾಗಿ ಬಿಟ್ಟುಬಿಡುತ್ತಾರೆ. ನಾಲ್ಕು ಸಂಗತಿ ಬರೆದರೆ ಸಾಕು: ಏನು ತೀರ್ಮಾನವಾಯಿತು, ಯಾರು ಮಾಡಬೇಕು, ಯಾವ ತಾರೀಖಿನೊಳಗೆ ಮಾಡಬೇಕು, ಯಾವುದು ಇನ್ನೂ ತೀರ್ಮಾನವಾಗದೆ ಉಳಿದಿದೆ. ಹಾಸನದ ಆ ಮನೆಯ ಟಿಪ್ಪಣಿ ಹೀಗಿರಬಹುದು:

2025-11-09 ಭಾನುವಾರ – ಕಣ್ಣಿನ ಆಪರೇಷನ್, ಪಿಂಚಣಿ, ಮನೆ ರಿಪೇರಿ
ತೀರ್ಮಾನ: ಅಪ್ಪನ ಬಲಗಣ್ಣಿನ ಆಪರೇಷನ್ ಡಿಸೆಂಬರ್‌ನಲ್ಲಿ, ಹಾಸನದಲ್ಲೇ.
ಚಿಕ್ಕವನು: ಡಾಕ್ಟರ್ ಬಳಿ ದಿನ ಗೊತ್ತು ಮಾಡುವುದು – ನವೆಂಬರ್ 15.
ದೊಡ್ಡವನು: ಆ ಆಸ್ಪತ್ರೆಯಲ್ಲಿ ವಿಮೆ ನಡೆಯುತ್ತದೆಯೇ ಎಂದು ಕಂಪನಿಗೆ ಮೇಲ್ ಹಾಕಿ ಕೇಳುವುದು – ನವೆಂಬರ್ 14.
ಅಪ್ಪ: ಜೀವನ ಪ್ರಮಾಣ ಪತ್ರಕ್ಕೆ ಬ್ಯಾಂಕಿಗೆ ಹೋಗುವುದು – ನವೆಂಬರ್ 20.
ಮಗಳು: ಆಪರೇಷನ್ ಆದ ವಾರ ಅಮ್ಮನಿಗೆ ಸಹಾಯಕ್ಕೆ ಯಾರು ಬರುತ್ತಾರೆಂದು ಚಿಕ್ಕಮ್ಮನ ಜತೆ ಮಾತನಾಡುವುದು – ನವೆಂಬರ್ 16.
ಬಾಕಿ: ಶೀಟು ಬದಲಾಯಿಸುವುದು. ಇನ್ನೊಬ್ಬ ಮೇಸ್ತ್ರಿಯ ಲೆಕ್ಕ ಬಂದ ಮೇಲೆ ನೋಡೋಣ.

ಇಷ್ಟನ್ನು ಬರೆಯಲು ಐದು ನಿಮಿಷ ಬೇಕಿಲ್ಲ. ಇದರಲ್ಲಿ ಗಮನಿಸಬೇಕಾದ್ದು, ಪ್ರತಿ ಕೆಲಸದ ಮುಂದೆ ಒಬ್ಬರದೇ ಹೆಸರಿದೆ. ‘ನೀವಿಬ್ಬರೂ ನೋಡಿಕೊಳ್ಳಿ’ ಎಂದು ಬರೆದ ಕೆಲಸ ಇಬ್ಬರ ನಡುವೆ ಬಿದ್ದುಹೋಗುತ್ತದೆ. ವಿಮೆಯ ಉತ್ತರ ಬಾರದೆ ಡಾಕ್ಟರ್ ಬಳಿ ದಿನ ಗೊತ್ತು ಮಾಡಲಾಗದು. ಹಾಗಾಗಿ ದೊಡ್ಡವನ ಗಡುವು ಒಂದು ದಿನ ಮೊದಲಿದೆ. ಬರೆಯಲು ಕೂತಾಗಲೇ ಇಂತಹ ಹಿಂದು ಮುಂದು ಕಣ್ಣಿಗೆ ಬೀಳುವುದು.

ಕರೆ ಮುಗಿಸುವ ಮುನ್ನ ಟಿಪ್ಪಣಿಯನ್ನು ಒಮ್ಮೆ ಜೋರಾಗಿ ಓದಿ. ‘ಅಲ್ಲ, ಆ ತಾರೀಖಿಗೆ ನನಗೆ ಆಗಲ್ಲ’ ಎನ್ನುವವರು ಅಲ್ಲೇ ಹೇಳುತ್ತಾರೆ. ನಡಾವಳಿ ಪುಸ್ತಕದಲ್ಲಿ ಎಲ್ಲರ ಸಹಿ ಪಡೆಯುವ ಕ್ರಮಕ್ಕೆ ಸಮನಾದದ್ದು ಇದೇ. ಮುಂದಿನ ಭಾನುವಾರದ ಕರೆಯನ್ನು ಹಿಂದಿನ ಟಿಪ್ಪಣಿ ಓದುವುದರಿಂದಲೇ ಆರಂಭಿಸಿ.

ಯಾವ ಆ್ಯಪ್ ಒಳ್ಳೆಯದು?

ಮನೆಯ ಹಿರಿಯರಿಗೆ ಬಳಸಲು ಬರುವುದೇ ಒಳ್ಳೆಯ ಆ್ಯಪ್. ಆಂಡ್ರಾಯ್ಡ್ ಫೋನ್ ಇರುವ ಮನೆಗೆ ಗೂಗಲ್ ಕೀಪ್ ಸುಲಭ. 2013ರಲ್ಲಿ ಬಂದ ಇದು ಗೋಡೆಗೆ ಅಂಟಿಸುವ ಬಣ್ಣದ ಚೀಟಿಗಳಂತೆ ಕಾಣುತ್ತದೆ. ಕೆಲಸಗಳ ಪಕ್ಕ ಚೌಕ ಇಟ್ಟು, ಮುಗಿದಾಗ ಟಿಕ್ ಮಾಡಬಹುದು. ಮನೆಯವರ ಇಮೇಲ್ ಸೇರಿಸಿದರೆ ಎಲ್ಲರೂ ಅದೇ ಚೀಟಿಯಲ್ಲಿ ಬರೆಯಬಹುದು, ತಿದ್ದಬಹುದು.

ವಿಷಯಗಳು ಹೆಚ್ಚಿದ್ದರೆ ಮೈಕ್ರೊಸಾಫ್ಟ್‌ನ ಒನ್‌ನೋಟ್ ಅನುಕೂಲ. 2003ರಿಂದ ಇರುವ ಈ ಸಾಫ್ಟ್‌ವೇರ್ ಪುಸ್ತಕ, ಅದರೊಳಗೆ ವಿಭಾಗ, ವಿಭಾಗದೊಳಗೆ ಪುಟ ಎಂಬ ಕ್ರಮದಲ್ಲಿದೆ. ‘ನಮ್ಮ ಮನೆ’ ಎಂಬ ಪುಸ್ತಕದಲ್ಲಿ ಆರೋಗ್ಯ, ಜಮೀನು, ಬ್ಯಾಂಕು, ಮದುವೆ–ಹಬ್ಬ ಎಂದು ವಿಭಾಗ ಮಾಡಿದರೆ ಪ್ರತಿ ಭಾನುವಾರ ಒಂದು ಪುಟ ಸೇರುತ್ತ ಹೋಗುತ್ತದೆ. ಕಚೇರಿಯಲ್ಲಿ ಟೀಮ್ಸ್ ಬಳಸುವವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಮನೆಯವರೆಲ್ಲರ ಬಳಿ ಐಫೋನ್ ಇದ್ದರೆ ಅದರಲ್ಲೇ ಇರುವ ನೋಟ್ಸ್ ಸಾಕು. ಒಬ್ಬರ ಬಳಿ ಆಂಡ್ರಾಯ್ಡ್ ಇದ್ದರೂ ಅದು ತೊಡಕು.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸುದ್ದಿ ಮುಟ್ಟಿಸಲು ಸಾಕು, ಕಾಪಾಡಿಡಲು ಸಾಲದು. ಭಾನುವಾರದ ತೀರ್ಮಾನ ಬುಧವಾರದ ಹೊತ್ತಿಗೆ ಶುಭೋದಯದ ಚಿತ್ರಗಳ ಕೆಳಗೆ ಹೂತಿರುತ್ತದೆ. ಒಂದು ಗುಂಪಿನಲ್ಲಿ ಮೂರು ಸಂದೇಶಗಳನ್ನು ಮೇಲೆ ಪಿನ್ ಮಾಡಿಡಬಹುದು, ಅದೂ ಹೆಚ್ಚೆಂದರೆ 30 ದಿನ. ಟಿಪ್ಪಣಿ ಆ್ಯಪ್‌ನಲ್ಲಿರಲಿ, ಅದರ ಲಿಂಕ್ ಗುಂಪಿನಲ್ಲಿರಲಿ.

ಯಾವ ಆ್ಯಪ್ ಆದರೂ ವರ್ಷಕ್ಕೊಮ್ಮೆ ಪ್ರತಿ ತೆಗೆದಿಟ್ಟುಕೊಳ್ಳಿ. ಒಂದು ಕಾಲದಲ್ಲಿ ನೋಟ್ಸ್ ಎಂದರೆ ಎವರ್‌ನೋಟ್ ಎನ್ನುವಂತಿತ್ತು. 2023ರ ಡಿಸೆಂಬರ್‌ನಲ್ಲಿ ಅದು ಉಚಿತ ಖಾತೆಗೆ 50 ಟಿಪ್ಪಣಿ, ಒಂದೇ ಪುಸ್ತಕ ಎಂಬ ಮಿತಿ ಹಾಕಿತು. ವರ್ಷಗಟ್ಟಲೆ ಬರೆದಿಟ್ಟವರು ಹಣ ಕಟ್ಟಬೇಕಾಯಿತು ಇಲ್ಲವೇ ಬೇರೆಡೆ ಹೋಗಬೇಕಾಯಿತು. ಗೂಗಲ್ ಖಾತೆಯಲ್ಲಿರುವುದನ್ನು ಇಳಿಸಿಕೊಳ್ಳಲು ಟೇಕ್‌ಔಟ್ ಎಂಬ ಸೌಲಭ್ಯವಿದೆ.

ಬರೆದದ್ದು ಹುಡುಕಿದರೆ ಸಿಗಬೇಕು

ಬರೆದಿಟ್ಟದ್ದು ಬೇಕಾದ ಹೊತ್ತಿಗೆ ಸಿಗದಿದ್ದರೆ ಬರೆದೂ ಪ್ರಯೋಜನವಿಲ್ಲ. ಮೊದಲ ಉಪಾಯ ಶೀರ್ಷಿಕೆಯದ್ದು. ಮೇಲಿನ ಮಾದರಿಯಂತೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಶುರು ಮಾಡಿದರೆ, ಹೆಸರಿನ ಪ್ರಕಾರ ಜೋಡಿಸಿದಾಗ ಟಿಪ್ಪಣಿಗಳು ತಾವಾಗಿಯೇ ದಿನಾಂಕದ ಸಾಲಿನಲ್ಲಿ ನಿಲ್ಲುತ್ತವೆ. ಪಕ್ಕದಲ್ಲಿ ಎರಡು ಮೂರು ವಿಷಯಗಳ ಹೆಸರಿರಲಿ. ‘ಮೀಟಿಂಗ್ 1’, ‘ಮೀಟಿಂಗ್ ಹೊಸದು’ ಎಂದು ಹೆಸರಿಟ್ಟರೆ ಆರು ತಿಂಗಳ ಬಳಿಕ ನಿಮಗೇ ಗುರುತು ಸಿಗದು.

ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಅಪ್ಪ ‘ಆಸ್ಪತ್ರೆ’ ಎಂದು ಕನ್ನಡದಲ್ಲಿ ಬರೆಯುತ್ತಾರೆ. ಮಗ ಅದೇ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಾನೆ. ಮಗಳು ‘ಹಾಸ್ಪಿಟಲ್’ ಎಂದು ಇಂಗ್ಲಿಷಿನಲ್ಲಿ ಬರೆಯುತ್ತಾಳೆ. ಹುಡುಕುವ ಆ್ಯಪ್‌ಗೆ ಈ ಮೂರೂ ಒಂದೇ ಎಂದು ಗೊತ್ತಾಗುವ ಭರವಸೆಯಿಲ್ಲ. ಮೊದಲೇ ಕೂತು ಹತ್ತು ಪದಗಳನ್ನು ಒಪ್ಪಿಕೊಳ್ಳಿ: ಆಸ್ಪತ್ರೆ, ವಿಮೆ, ಪಹಣಿ, ತೆರಿಗೆ, ಬ್ಯಾಂಕ್, ಪಾಸ್‌ಪೋರ್ಟ್, ರಿಪೇರಿ ಹೀಗೆ. ಶೀರ್ಷಿಕೆಯಲ್ಲಿ ಆ ಪದಗಳನ್ನೇ, ಒಂದೇ ಲಿಪಿಯಲ್ಲಿ ಬಳಸಿ. ಕೀಪ್‌ನಲ್ಲಿ ನೀವು ಹಚ್ಚುವ ಲೇಬಲ್ ನಿಮಗಷ್ಟೇ ಕಾಣುತ್ತದೆ, ಚೀಟಿ ಹಂಚಿಕೊಂಡವರಿಗೆ ಕಾಣುವುದಿಲ್ಲ. ಅದಕ್ಕೇ ಶೀರ್ಷಿಕೆಯ ಮಾತು.

ಕನ್ನಡದಲ್ಲಿ ಒತ್ತುವುದು ಕಷ್ಟ ಎನ್ನುವ ಹಿರಿಯರಿಗೆ ಧ್ವನಿ ಟೈಪಿಂಗ್ ಇದೆ. ಗೂಗಲ್ 2017ರಿಂದಲೇ ಕನ್ನಡದಲ್ಲಿ ಈ ಸೌಲಭ್ಯ ಕೊಟ್ಟಿದೆ. ಕೀಬೋರ್ಡ್‌ನಲ್ಲಿ ಕನ್ನಡ ಆರಿಸಿ, ಮೈಕ್ ಗುರುತು ಒತ್ತಿ ಹೇಳಿದರೆ ಅಕ್ಷರವಾಗುತ್ತದೆ. ಹೆಸರು, ಅಂಕಿಗಳಲ್ಲಿ ತಪ್ಪು ನುಸುಳಬಹುದು. ಮೊತ್ತ, ತಾರೀಖುಗಳನ್ನು ಮಾತ್ರ ಕಣ್ಣಾಡಿಸಿ ತಿದ್ದಿ. ವೈದ್ಯರ ಚೀಟಿ, ರಸೀದಿಯ ಫೋಟೊ ಸೇರಿಸಿದರೆ ಅದರ ಕೆಳಗೆ ‘ಕಣ್ಣಿನ ಡಾಕ್ಟರ್ ಚೀಟಿ, ನವೆಂಬರ್ 2025’ ಎಂದು ಒಂದು ಸಾಲು ಬರೆಯಿರಿ. ಫೋಟೊದೊಳಗಿನ ಕೈಬರಹವನ್ನು ಹುಡುಕಾಟ ಹಿಡಿಯದಿದ್ದರೂ ಆ ಸಾಲು ಸಿಗುತ್ತದೆ.

‘ನಾಳೆ’ ಎಂದರೆ ಯಾರ ನಾಳೆ?

ಊರಿನಲ್ಲಿ ಸಂಜೆ 7.30 ಆಗಿದ್ದಾಗ ದುಬೈನಲ್ಲಿ 6 ಗಂಟೆ, ಸಿಂಗಪುರದಲ್ಲಿ ರಾತ್ರಿ 10. ಲಂಡನ್‌ನಲ್ಲಿ ಚಳಿಗಾಲವಾದರೆ ಮಧ್ಯಾಹ್ನ 2, ಬೇಸಿಗೆಯಾದರೆ 3. ನ್ಯೂಜೆರ್ಸಿಯಲ್ಲಿ ಚಳಿಗಾಲದಲ್ಲಿ ಬೆಳಿಗ್ಗೆ 9, ಬೇಸಿಗೆಯಲ್ಲಿ 10. ಸಿಡ್ನಿಯಲ್ಲಿ ಆಗಲೇ ಮಧ್ಯರಾತ್ರಿ, ಅಂದರೆ ಸೋಮವಾರ. ಗಡಿಯಾರ ಬದಲಿಸುವ ದಿನವೂ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ, ಬ್ರಿಟನ್ ಮತ್ತು ಜರ್ಮನಿಯಲ್ಲಿ ಮಾರ್ಚ್ ಹಾಗೂ ಅಕ್ಟೋಬರ್‌ನ ಕೊನೆಯ ಭಾನುವಾರ.

ವಾರದ ರಜೆಯೂ ಬೇರೆ. ಯುಎಇ 2022ರಿಂದ ಶನಿವಾರ, ಭಾನುವಾರ ರಜೆಗೆ ಬದಲಾಯಿತು. ಸೌದಿ ಅರೇಬಿಯಾ, ಕುವೈತ್, ಕತಾರ್, ಒಮಾನ್‌ನಲ್ಲಿ ಭಾನುವಾರ ಕೆಲಸದ ದಿನ. ಅಲ್ಲಿ ಮಗನಿದ್ದರೆ ಮನೆಯ ಸಭೆ ಶುಕ್ರವಾರಕ್ಕೇ ಇರುವುದು ಮೇಲು.

ಆದ್ದರಿಂದ ಟಿಪ್ಪಣಿಯಲ್ಲಿ ‘ನಾಳೆ’, ‘ಬರೋ ವಾರ’ ಎಂಬ ಪದಗಳು ಬೇಡ. ತಾರೀಖು ಬರೆಯಿರಿ, ಸಮಯವಿದ್ದರೆ ‘ಊರಿನ ಸಮಯ’ ಎಂದು ಸೇರಿಸಿ. ತಿಂಗಳನ್ನು ಅಂಕಿಯಲ್ಲಲ್ಲದೆ ಹೆಸರಿನಲ್ಲೇ ಬರೆಯುವುದು ಕ್ಷೇಮ. 5/6 ಎಂದರೆ ನಮಗೆ ಜೂನ್ 5. ಅಮೆರಿಕದಲ್ಲಿ ಓದಿ ಬೆಳೆದ ಮೊಮ್ಮಗನಿಗೆ ಅದು ಮೇ 6.

ಗಡುವು ತಪ್ಪಿದರೆ ನಷ್ಟ

ಬರೆದಿಡದಿದ್ದರೆ ಆಗುವುದು ಬರೀ ಜಗಳವಲ್ಲ. ಸೈಟ್ ನೋಂದಣಿಗೆಂದು ವಿದೇಶದಲ್ಲಿರುವ ಮಗ ಅಪ್ಪನ ಹೆಸರಿಗೆ ಜಿಪಿಎ ಬರೆದು ಕೊರಿಯರ್‌ನಲ್ಲಿ ಕಳಿಸುತ್ತಾನೆ. ಅಂತಹ ಪತ್ರ ಕರ್ನಾಟಕಕ್ಕೆ ಬಂದು ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕೆಂಬ ನಿಯಮವಿದೆ. ಪತ್ರ ಬೀರುವಿನಲ್ಲಿ ಭದ್ರವಾಗಿರುತ್ತದೆ, ಬಂದ ತಾರೀಖು ಮಾತ್ರ ಯಾರಿಗೂ ನೆನಪಿರುವುದಿಲ್ಲ. ‘ಜಿಪಿಎ ಕೈಸೇರಿತು, ಆಗಸ್ಟ್ 3. ಶುಲ್ಕಕ್ಕೆ ಕೊನೆ ದಿನ ಅಕ್ಟೋಬರ್ ಅಂತ್ಯ ಎಂದಿಟ್ಟುಕೊಳ್ಳುವುದು. ಹೊಣೆ: ಚಿಕ್ಕವನು’ ಎಂಬ ಸಾಲು ಈ ಪಾಡನ್ನು ತಪ್ಪಿಸುತ್ತದೆ.

ಪಿಂಚಣಿಯೂ ಹಾಗೆಯೇ. ಕೇಂದ್ರ ಸರ್ಕಾರದ ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ಜೀವನ ಪ್ರಮಾಣ ಪತ್ರ ಕೊಡಬೇಕು. 80 ವರ್ಷ ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಮಕ್ಕಳ ಮನೆಗೆಂದು ಅಪ್ಪ ಅಮ್ಮ ಆಗ ವಿದೇಶದಲ್ಲಿದ್ದರೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಬೇಕಾಗುತ್ತದೆ. ಪಾಸ್‌ಪೋರ್ಟ್‌ನ ಅವಧಿ, ಆರೋಗ್ಯ ವಿಮೆಯ ನವೀಕರಣ, ಮನೆ ತೆರಿಗೆ ಇಂತಹ ದಿನಗಳಿಗೆ ‘ವರ್ಷದ ತಾರೀಖುಗಳು’ ಎಂಬ ಪ್ರತ್ಯೇಕ ಪುಟ ಮಾಡಿ, ಅದನ್ನು ಎಲ್ಲದರ ಮೇಲೆ ಪಿನ್ ಮಾಡಿಡಿ.

ಕಂಪನಿಯದ್ದು ಬೇರೆ, ಮನೆಯದ್ದು ಬೇರೆ

ವಿದೇಶದಲ್ಲಿ ದುಡಿಯುವವರು ಗಮನಿಸಲೇಬೇಕಾದ ವಿಷಯವೊಂದಿದೆ. ಕಂಪನಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ, ಕಂಪನಿಯ ಒನ್‌ನೋಟ್‌ನಲ್ಲೇ ಮನೆಯ ಲೆಕ್ಕ, ಮಕ್ಕಳ ಶಾಲೆಯ ವಿವರ, ವೀಸಾ ವಕೀಲರ ಜತೆ ಆಡಿದ ಮಾತು ಎಲ್ಲವನ್ನೂ ಬರೆದಿಡುವವರು ಬಹಳ. ಕೆಲಸದಿಂದ ತೆಗೆಯುವ ಸುದ್ದಿ ಬಂದ ದಿನ ಆ ಖಾತೆ ಕೆಲವೇ ನಿಮಿಷಗಳಲ್ಲಿ ಮುಚ್ಚಬಹುದು. ಅಮೆರಿಕದಲ್ಲಿ ಎಚ್‌1ಬಿ ವೀಸಾದವರಿಗೆ ಕೆಲಸ ಹೋದ ಮೇಲೆ ಹೊಸ ದಾರಿ ಹುಡುಕಿಕೊಳ್ಳಲು ಸಿಗುವ ಅವಧಿ ಹೆಚ್ಚೆಂದರೆ 60 ದಿನ. ವೀಸಾ ಕಾಗದಗಳ ವಿವರ ಅತಿ ಹೆಚ್ಚು ಬೇಕಾಗುವ ಆ ದಿನಗಳಲ್ಲೇ ಬರೆದಿಟ್ಟದ್ದೆಲ್ಲ ಕೈಗೆ ಸಿಗದಂತಾದರೆ?

ಮನೆಯ ಟಿಪ್ಪಣಿ ಎಂದಿಗೂ ಸ್ವಂತ ಇಮೇಲ್‌ನ ಖಾತೆಯಲ್ಲಿರಲಿ. ಹಾಗೆಂದು ಕಂಪನಿಯ ಮೀಟಿಂಗ್ ನೋಟ್ಸ್ ಅನ್ನು ಸ್ವಂತ ಖಾತೆಗೆ ಸಾಗಿಸಬೇಡಿ. ಗ್ರಾಹಕರ ಹೆಸರು, ಯೋಜನೆಯ ವಿವರ ಕಂಪನಿಯ ಸ್ವತ್ತು. ಅದನ್ನು ಹೊರಗೊಯ್ದರೆ ಕೆಲಸಕ್ಕೂ ವೀಸಾಕ್ಕೂ ಕುತ್ತು ಬರಬಹುದು. ನಿಮ್ಮ ನೇಮಕಾತಿ ಪತ್ರ, ಸಂಬಳದ ಚೀಟಿ, ವೀಸಾ ಪ್ರತಿಗಳು ನಿಮ್ಮವು. ಅವುಗಳ ನಕಲು ಮೊದಲಿನಿಂದಲೂ ನಿಮ್ಮ ಬಳಿ ಇರಲಿ.

ಕರೆಯನ್ನು ರೆಕಾರ್ಡ್ ಮಾಡಿ ಕೃತಕ ಬುದ್ಧಿಮತ್ತೆಯಿಂದ ಸಾರಾಂಶ ಬರೆಸುವ ಸಾಫ್ಟ್‌ವೇರ್‌ಗಳೂ ಬಂದಿವೆ. ಇಲ್ಲಿ ಎಚ್ಚರ ಬೇಕು. ಜರ್ಮನಿಯಲ್ಲಿ ಖಾಸಗಿ ಮಾತನ್ನು ಒಪ್ಪಿಗೆಯಿಲ್ಲದೆ ಧ್ವನಿಮುದ್ರಿಸುವುದು ಅಪರಾಧ. ಯುಎಇಯಲ್ಲೂ ಅಷ್ಟೇ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಗೋಪ್ಯ ಮಾತುಕತೆಯನ್ನು ರೆಕಾರ್ಡ್ ಮಾಡಲು ಕರೆಯಲ್ಲಿರುವ ಎಲ್ಲರ ಒಪ್ಪಿಗೆ ಬೇಕು. ಕಚೇರಿಯ ಸಭೆಯಾದರೆ ಕೇಳದೆ ರೆಕಾರ್ಡ್ ಬಟನ್ ಒತ್ತಬೇಡಿ. ಮನೆಯ ಕರೆಗಂತೂ ಅದು ಬೇಕೇ ಇಲ್ಲ. ರೆಕಾರ್ಡ್ ಆಗುತ್ತಿದೆ ಎಂದು ಗೊತ್ತಾದರೆ ಅಮ್ಮ ಮಂಡಿನೋವಿನ ಮಾತೇ ಎತ್ತಲಿಕ್ಕಿಲ್ಲ.

ಕನ್ನಡ ಕೂಟಗಳ ನಡಾವಳಿ

ಹೊರದೇಶದ ಕನ್ನಡ ಕೂಟಗಳಿಗೂ ಈ ಮಾತು ಸಲ್ಲುತ್ತದೆ. ಇವನ್ನು ನಡೆಸುವವರು ದುಡಿಮೆಯ ನಡುವೆ ಬಿಡುವು ಮಾಡಿಕೊಂಡು ಬರುವ ಸ್ವಯಂಸೇವಕರು. ಒಂದೆರಡು ವರ್ಷಕ್ಕೆ ಸಮಿತಿ ಬದಲಾಗುತ್ತದೆ. ಕಳೆದ ಸಲ ರಾಜ್ಯೋತ್ಸವಕ್ಕೆ ಸಭಾಂಗಣ ಎಷ್ಟಕ್ಕೆ ಸಿಕ್ಕಿತು, ಮುಂಗಡ ಎಷ್ಟು, ಊಟ ಯಾರದು, ಎಷ್ಟು ಎಲೆ ಉಳಿದವು ಎಂಬುದೆಲ್ಲ ಹಿಂದಿನ ಕಾರ್ಯದರ್ಶಿಯ ಫೋನ್‌ನಲ್ಲಿರುತ್ತದೆ. ಅವರು ಬೇರೆ ಊರಿಗೆ ವರ್ಗವಾದರೆ ಹೊಸ ಸಮಿತಿ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಕೂಟದ ಹೆಸರಿನಲ್ಲೇ ಒಂದು ಇಮೇಲ್ ಖಾತೆ ತೆರೆದು, ನಡಾವಳಿಯೆಲ್ಲ ಅದರಲ್ಲಿಟ್ಟರೆ ಈ ತಾಪತ್ರಯ ಇರದು. ಗೂಗಲ್ ಡಾಕ್ಸ್‌ನಲ್ಲಿ ‘ಆ್ಯಟ್’ ಚಿಹ್ನೆ ಒತ್ತಿದರೆ ಮೀಟಿಂಗ್ ನೋಟ್ಸ್‌ನ ಸಿದ್ಧ ಮಾದರಿಯೇ ಸಿಗುತ್ತದೆ. ದಿನಾಂಕ, ಹಾಜರಿದ್ದವರು, ಮಾಡಬೇಕಾದ ಕೆಲಸಗಳಿಗೆ ಅದರಲ್ಲಿ ಜಾಗವಿದೆ. ಹಳೆಯ ಕೂಟಗಳಿಗೆ ಇನ್ನೊಂದು ಕೆಲಸ ಬಾಕಿಯಿದೆ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಬರೆದ ಕಡತಗಳು ಇಂದಿನ ಫೋನ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ, ಹುಡುಕಾಟಕ್ಕೂ ಸಿಗುವುದಿಲ್ಲ. ಅವನ್ನು ಯೂನಿಕೋಡ್‌ಗೆ ಬದಲಾಯಿಸಿಟ್ಟರೆ ಕೂಟದ ಚರಿತ್ರೆಯೇ ಉಳಿಯುತ್ತದೆ.

ಬರೆಯಬಾರದ್ದು

ಹಂಚಿಕೊಂಡ ಟಿಪ್ಪಣಿಯಲ್ಲಿ ಬ್ಯಾಂಕಿನ ಪಾಸ್‌ವರ್ಡ್, ಎಟಿಎಂ ಪಿನ್, ಆಧಾರ್ ಸಂಖ್ಯೆ ಬೇಡ. ಯಾವ ಕಾಗದ ಯಾವ ಬೀರುವಿನಲ್ಲಿದೆ ಎಂದು ಬರೆದರೆ ಸಾಕು. ‘ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು’ ಎಂಬ ಆಯ್ಕೆ ಬಿಟ್ಟು, ಮನೆಯವರ ಇಮೇಲ್‌ಗಳನ್ನಷ್ಟೇ ಸೇರಿಸಿ.

ಜಗಳವನ್ನೂ ಬರೆಯಬೇಡಿ. ಜಮೀನಿನ ಪಾಲಿನ ಮಾತು ಬಂದಾಗ ಸಿಟ್ಟಿನಲ್ಲಿ ಯಾರು ಏನೆಂದರು ಎಂಬುದು ಆ ಹೊತ್ತಿಗೇ ಮುಗಿಯಬೇಕು. ಅಕ್ಷರವಾದರೆ ಹತ್ತು ವರ್ಷ ಕಳೆದ ಮೇಲೂ ಚುಚ್ಚುತ್ತದೆ. ‘ಪಾಲಿನ ವಿಷಯ ಬಾಕಿ, ಎಲ್ಲರೂ ಊರಿಗೆ ಬಂದಾಗ ಎದುರೆದುರು ಕೂತು ಮಾತನಾಡುವುದು’ ಎಂದಷ್ಟೇ ಬರೆದರೆ ಯಾರಿಗೂ ನೋವಿಲ್ಲ. ಅಪ್ಪನ ಕಾಯಿಲೆಯ ವಿವರ ಅಳಿಯ, ಸೊಸೆ ಎಲ್ಲರಿಗೂ ಕಾಣಬೇಕೇ ಎಂಬುದನ್ನು ಅಪ್ಪನನ್ನೇ ಕೇಳಿ.

ಖಾತೆಗೆ ವಾರಸುದಾರರೂ ಬೇಕು. ಎರಡು ವರ್ಷ ಬಳಸದ ಗೂಗಲ್ ಖಾತೆಯನ್ನು ಕಂಪನಿ ಅಳಿಸಿಹಾಕಬಹುದು. ಖಾತೆ ದೀರ್ಘಕಾಲ ಬಳಕೆಯಾಗದಿದ್ದರೆ ಅದರಲ್ಲಿರುವುದು ಯಾರಿಗೆ ಸೇರಬೇಕೆಂದು ಹೇಳಿಡಲು ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬ ವ್ಯವಸ್ಥೆಯಿದೆ. ಅದರಲ್ಲಿ 10 ಜನರವರೆಗೆ ಹೆಸರಿಸಬಹುದು. ಐಫೋನ್‌ನವರಿಗೆ ‘ಲೆಗಸಿ ಕಾಂಟ್ಯಾಕ್ಟ್’ ಎಂಬುದಿದೆ. ಅಪ್ಪ ಅಮ್ಮನ ಫೋನ್‌ನಲ್ಲಷ್ಟೇ ಅಲ್ಲ, ವಿದೇಶದಲ್ಲಿ ಒಂಟಿಯಾಗಿರುವ ಮಕ್ಕಳ ಫೋನ್‌ನಲ್ಲೂ ಇದನ್ನು ಮಾಡಿಡುವುದು ಒಳಿತು.

ಊರಲ್ಲಿರುವವರ ದುಡಿಮೆ

ಒಂದು ವರ್ಷ ಹೀಗೆ ಬರೆದಿಟ್ಟು, ಯುಗಾದಿಗೋ ದೀಪಾವಳಿಗೋ ಎಲ್ಲ ಟಿಪ್ಪಣಿಗಳನ್ನು ಒಟ್ಟಿಗೆ ಓದಿ ನೋಡಿ. ಟಿಕ್ ಬಿದ್ದ ಕೆಲಸಗಳ ಮುಂದೆ ಯಾರ ಹೆಸರು ಹೆಚ್ಚಿದೆ ಎಂಬುದು ಕಾಣುತ್ತದೆ. ಹಣ ಕಳಿಸುವವರ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ಆಸ್ಪತ್ರೆಯ ಸಾಲಿನಲ್ಲಿ ನಿಂತವರು, ತಾಲ್ಲೂಕು ಕಚೇರಿಗೆ ನಾಲ್ಕು ಸಲ ಅಲೆದವರು, ರಾತ್ರಿ ಅಪ್ಪನಿಗೆ ಉಸಿರಾಟದ ತೊಂದರೆಯಾದಾಗ ಆಟೊ ಹುಡುಕಿದವರು ಊರಿನಲ್ಲಿ ಉಳಿದ ಮಗ, ಮಗಳು ಅಥವಾ ಸೊಸೆ. ಅವರ ದುಡಿಮೆಗೆ ರಸೀದಿ ಇರುವುದಿಲ್ಲ.

ಅದು ಲೆಕ್ಕಕ್ಕೆ ಬಾರದಿದ್ದಾಗಲೇ ಒಡಹುಟ್ಟಿದವರ ನಡುವೆ ಮಾತು ಕಹಿಯಾಗುವುದು. ‘ನಾನೊಬ್ಬನೇ ಮಾಡಬೇಕಾ?’ ಎಂಬ ಪ್ರಶ್ನೆ ಹುಟ್ಟುವ ಮೊದಲೇ, ಈ ತಿಂಗಳ ಎಂಟು ಕೆಲಸಗಳಲ್ಲಿ ಆರು ಒಬ್ಬರ ಮೇಲೆಯೇ ಬಿದ್ದಿವೆ ಎಂದು ಟಿಪ್ಪಣಿ ತೋರಿಸುತ್ತದೆ. ವಿಮೆಯ ಮೇಲ್, ಆನ್‌ಲೈನ್ ಅರ್ಜಿ, ತೆರಿಗೆ ಪಾವತಿ, ಟಿಕೆಟ್ ಕಾಯ್ದಿರಿಸುವುದನ್ನು ದುಬೈನಿಂದಲೋ ನ್ಯೂಜೆರ್ಸಿಯಿಂದಲೋ ಮಾಡಬಹುದು. ಆ ಸಾಲುಗಳ ಮುಂದೆ ದೂರದಲ್ಲಿರುವವರು ತಮ್ಮ ಹೆಸರು ಬರೆದುಕೊಳ್ಳಲಿ.

ಈ ಭಾನುವಾರ ದೊಡ್ಡ ವ್ಯವಸ್ಥೆಯೇನೂ ಬೇಡ. ಕರೆ ಮುಗಿಯುವ ಹತ್ತು ನಿಮಿಷ ಮೊದಲು ಒಬ್ಬರು ಹೊಸ ಟಿಪ್ಪಣಿ ತೆರೆದು, ತಾರೀಖು ಹಾಕಿ, ಮೂರು ಕೆಲಸ, ಮೂರು ಹೆಸರು ಬರೆಯಲಿ. ಉಳಿದವರಿಗೆ ಓದಿ ಹೇಳಲಿ.